ಏಳು ಕಿಂಡಿ, ಏಳು ಸ್ವಿಚ್ಚು

೧

ಒಂದು ಯುಎಸ್‌ಬಿ ಹಬ್ ಕೊಳ್ಳುವುದರ ಬಗ್ಗೆ ಕಥೆ ಬರೆಯುತ್ತೇನೆ ಎಂದು ಕೂತವನಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ನಿಮಗೆ ಬೇರೆ ಕೆಲಸ ಇಲ್ಲವೇ ಸ್ವಾಮಿ, ಎಂಬುದು. ಇಲ್ಲ. ಇದ್ದಿದ್ದರೆ ಕಥೆ ಬರೆಯುತ್ತಿದ್ದೆನೇ?

ಎರಡನೆಯ ಪ್ರಶ್ನೆ ನನ್ನದೇ. ಇದನ್ನು ಶುರು ಮಾಡುವುದು ಎಲ್ಲಿಂದ? ಮೂರು ಕಡೆಯಿಂದ ಮಾಡಿ ನೋಡಿದೆ, ಮೂರೂ ಕೆಟ್ಟವು. ಮುಚ್ಚಿಡುವುದೇಕೆ, ನೀವೇ ನೋಡಿ.

ಕರಡು ಒಂದು: "ಆ ಲ್ಯಾಪ್‌ಟಾಪಿಗೆ ಇದ್ದದ್ದು ಎರಡೇ ಕಿಂಡಿ. ಮನುಷ್ಯನ ಹೃದಯಕ್ಕಾದರೂ ಎಷ್ಟು ಕಿಂಡಿಗಳಿವೆ?" (ಗೊತ್ತಿರುವ ಡಾಕ್ಟರೊಬ್ಬರನ್ನು ಕೇಳಿದೆ. ನಿಮಗೇನಾಗಿದೆ ಅಂದರು. ಹೊಡೆದುಹಾಕಿದೆ.)

ಕರಡು ಎರಡು: "ನಾಲ್ಕು ಪೋರ್ಟಿನದೋ, ಏಳು ಪೋರ್ಟಿನದೋ? ಅಡಾಪ್ಟರ್ ಇರುವುದೋ, ಇಲ್ಲದ್ದೋ? ಕೊಳ್ಳುವ ಮುನ್ನ ನೀವು ತಿಳಿದಿರಬೇಕಾದ ಸಂಗತಿಗಳು." (ಇದು ಕಥೆಯಲ್ಲ, ಇಂಟರ್‌ನೆಟ್ಟು.)

ಕರಡು ಮೂರು: "ಅವಳು ಅಂಗಡಿಯ ಮುಂದೆ ನಿಂತಿದ್ದಳು." (ಇದು ಪರವಾಗಿಲ್ಲ. ಆದರೆ ಮುಂದಿನ ವಾಕ್ಯ ಹೊಳೆಯಲಿಲ್ಲ. ಎದ್ದು ಹೋದೆ, ಕೂದಲು ಕತ್ತರಿಸಿಕೊಂಡು ಬಂದೆ, ನೆಗಡಿ ಬಂದು ಹೋಯಿತು. ಮೂರು ದಿನ ಬಿಟ್ಟು ಬಂದು ನೋಡಿದರೆ ಅವಳು ನನಗೆ ಕಾಯದೆ ಅಂಗಡಿಯ ಒಳಗೆ ಹೋಗಿಬಿಟ್ಟಿದ್ದಳು.)

ನನಗೆ ಮೊದಲ ಸಲ ಗಾಬರಿಯಾದದ್ದು ಆಗ. ನಾನು ಬರೆಯದೆ ಯಾರೂ ಹೊಸ್ತಿಲು ದಾಟಬಾರದು ಎಂದು ಅಂದುಕೊಂಡಿದ್ದೆ. ಅವಳು ದಾಟಿದ್ದಳು.

೨

ಅವಳು ಯಾರೆಂದು ಹೇಳಿಬಿಡುತ್ತೇನೆ. ಅವಳ ಕೆಲಸ ಕೇಳುವುದು, ಕೇಳಿದ್ದನ್ನು ಟೈಪ್ ಮಾಡುವುದು. ಕೋರ್ಟಿನ ವಿಚಾರಣೆ, ಕಂಪನಿಗಳ ಮೀಟಿಂಗು, ಡಾಕ್ಟರುಗಳು ಓಡಾಡುತ್ತ ಗೊಣಗಿದ ಟಿಪ್ಪಣಿ ಎಲ್ಲವೂ ಧ್ವನಿಯಾಗಿ ಅವಳ ಮನೆಗೆ ಬರುತ್ತವೆ, ಅಕ್ಷರವಾಗಿ ಹೋಗುತ್ತವೆ. ಮುಂಗೋಣೆಯಲ್ಲಿ ಮೇಜು. ಮೇಜಿನ ಕೆಳಗೆ, ಹೊಲಿಗೆ ಯಂತ್ರಕ್ಕೆ ಇರುವ ಹಾಗೆ, ಒಂದು ಪೆಡಲ್. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಎಡಗಡೆ ಒತ್ತಿದರೆ ನಾಲ್ಕು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಹೀಗಾಗಿ ಕೈ ಎರಡೂ ಅಕ್ಷರಕ್ಕೆ ಬಿಡುವು.

ಹನ್ನೊಂದು ವರ್ಷ ಈ ಕೆಲಸ ಮಾಡಿ ಅವಳಿಗೆ ಎರಡು ಅಭ್ಯಾಸಗಳಾಗಿವೆ. ಕೇಳಿದ್ದು ತಲೆಗೆ ಹೋಗುವ ಮೊದಲೇ ಬೆರಳಿಗೆ ಹೋಗುತ್ತದೆ. ಮತ್ತು, ಏನನ್ನೇ ಕೇಳಿದರೂ ಅದರ ಬಗ್ಗೆ ಅವಳು ತುಟಿ ಬಿಚ್ಚುವುದಿಲ್ಲ. ಗಂಡ ಹೆಂಡತಿಯ ಜಗಳ ಕೇಳಿದ್ದಾಳೆ, ಕೆಲಸದಿಂದ ತೆಗೆಯುವವರ ಪಟ್ಟಿ ಅವರಿಗಿಂತ ಮೊದಲು ಕೇಳಿದ್ದಾಳೆ. ಮಾತಾಡುವವರು ಕೆಮ್ಮಿದರೆ [ಕೆಮ್ಮು] ಎಂದು, ಕೇಳಿಸದಿದ್ದರೆ [ಅಸ್ಪಷ್ಟ] ಎಂದು ಆವರಣದಲ್ಲಿ ಹಾಕುತ್ತಾಳೆ. ತನ್ನದೊಂದು ಅಕ್ಷರವನ್ನೂ ಸೇರಿಸುವುದಿಲ್ಲ. (ನಾನೂ ಆವರಣ ಹಾಕುತ್ತೇನೆ, ಆದರೆ ನನ್ನದು ಬರೀ ಬಾಯಿಚಪಲ.)

ಅವಳ ಲ್ಯಾಪ್‌ಟಾಪಿಗೆ ಎರಡೇ ಕಿಂಡಿ. ಸಿಕ್ಕಿಸಬೇಕಾದವು ಆರು: ಪೆಡಲ್, ಹೆಡ್‌ಫೋನ್, ಮೌಸ್, ಬ್ಯಾಕಪ್ ಡಿಸ್ಕ್, ಟೈಪಿಂಗ್ ಸಾಫ್ಟ್‌ವೇರಿನ ಲೈಸೆನ್ಸ್ ಇರುವ ಬೆರಳುದ್ದದ ಡಾಂಗಲ್, ಈಗ ಹೊಸದಾಗಿ ಒಂದು ಮೈಕ್. ಒಂದನ್ನು ಕೀಳು, ಒಂದನ್ನು ಹಾಕು. ಬ್ಯಾಕಪ್ ತೆಗೆಯಲು ಪೆಡಲ್ ಕಿತ್ತಾಗಲೂ ಅವಳ ಕಾಲು ಸುಮ್ಮನೆ ನೆಲ ಒತ್ತುತ್ತಿರುತ್ತದೆ.

ಇದಿಷ್ಟು ಇಟ್ಟುಕೊಂಡು ನಾನೊಂದು ನಗೆಬರಹಕ್ಕೆ ಸಿದ್ಧನಾಗಿದ್ದೆ. ಒಂದು ಕಿಂಡಿಯನ್ನು ಹಲವು ಮಾಡುವ ಹಬ್ ಒಂದನ್ನು ಅವಳು ಕೊಳ್ಳುತ್ತಾಳೆ, ಸಾಲುವುದಿಲ್ಲ. ಹಬ್ಬಿಗೊಂದು ಹಬ್, ಅದಕ್ಕೊಂದು ಹಬ್. ಕೊನೆಗೆ ಮನೆ ತುಂಬ ವೈರು, ಅಡುಗೆಮನೆಗೆ ದಾರಿಯಿಲ್ಲ. ನೀವು ನಗುತ್ತೀರಿ, ನಾನು ಮನೆಗೆ ಹೋಗುತ್ತೇನೆ. ಒಳ್ಳೆಯ ಪ್ಲ್ಯಾನು.

೩

ಅಂಗಡಿ. ಗಾಜಿನ ಕೌಂಟರು, ಗೋಡೆಯಲ್ಲಿ ಮೊಳೆಗೊಂದರಂತೆ ನೇತುಬಿದ್ದ ವೈರುಗಳು. ಅಂಗಡಿಯವನು ಕತ್ತಿಗೆ ನಾಲ್ಕು ಪೆನ್‌ಡ್ರೈವ್ ಹಾಕಿಕೊಂಡಿದ್ದಾನೆ.

"ಇದು ತಗೊಳ್ಳಿ ಮೇಡಂ. ನಾಲ್ಕು ಪೋರ್ಟು, ಸ್ಲಿಮ್ಮಾಗಿದೆ. ಜೇಬಲ್ಲಿ ಹಾಕ್ಕೊಂಡು ಓಡಾಡಬಹುದು."

"ಜೇಬಲ್ಲಿ ಹಾಕ್ಕೊಂಡು ನಾನೆಲ್ಲಿಗೆ ಓಡ್ಲಿ? ಮೈಕು, ಡಿಸ್ಕು ಎರಡೂ ಒಟ್ಟಿಗೆ ಹಾಕಿದ್ರೆ ತಡೆಯುತ್ತಾ?"

"ತಡೀಬೇಕು."

"ಬೇಕು ಅನ್ನೋದು ಬೇಡ. ತಡೆಯುತ್ತೋ ಇಲ್ವೋ?"

ಅಂಗಡಿಯವನು ನಾಲ್ಕು ಪೋರ್ಟನ್ನು ಒಳಗಿಟ್ಟ. "ನಿಜ ಹೇಳ್ಬೇಕು ಅಂದ್ರೆ ಡಿಸ್ಕು ಕರೆಂಟು ಜಾಸ್ತಿ ಎಳೆಯುತ್ತೆ. ಮಧ್ಯೆ ಕೈ ಕೊಟ್ರೂ ಕೊಡಬಹುದು. ನಿಮಗೆ ಅಡಾಪ್ಟರ್ ಇರೋದೇ ಬೇಕು. ನೋಡಿ, ಇದು ಏಳು ಪೋರ್ಟು, ಗೋಡೆಯಿಂದ ಕರೆಂಟು. ಇದೂ ಏಳೇ, ಆದ್ರೆ ಪ್ರತಿ ಪೋರ್ಟಿಗೂ ಒಂದೊಂದು ಸ್ವಿಚ್ಚು, ಒಂದೊಂದು ನೀಲಿ ಲೈಟು."

(ಈ ಸ್ವಿಚ್ಚನ್ನು ಕಥೆಗೆ ತಂದವನು ನಾನು. ಯಾಕೆ ಎಂದು ಕೇಳಿದರೆ, ನೀಲಿ ಲೈಟು ಚೆನ್ನಾಗಿರುತ್ತದೆ ಅನ್ನಿಸಿತು, ಅಷ್ಟೇ. ಮುಂದೆ ಇದೇ ನನ್ನ ಕುತ್ತಿಗೆಗೆ ಬಂತು.)

ಅವಳು ಎರಡನ್ನೂ ಕೈಯಲ್ಲಿ ಹಿಡಿದು ನಿಂತಳು. ಐದು ನಿಮಿಷವಾಯಿತು, ಹತ್ತಾಯಿತು. ಇವಳೇನು ಸೀರೆ ಆರಿಸುತ್ತಿದ್ದಾಳಾ ಎಂದು ತಮಾಷೆ ಬರೆಯಲು ಹೊರಟು, ಸುಮ್ಮನೆ ಮಾತಿಗೆ ಕೇಳಿದೆ: ಒಂದು ಹಬ್‌ಗೆ ಇಷ್ಟು ತಲೆ ಕೆಡಿಸ್ಕೋಬೇಕಾ? ಯಾವುದೋ ಒಂದು ತಗೊಂಡು ಹೋಗಿ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅಂಗಡಿಯವನನ್ನಲ್ಲ, ನನ್ನನ್ನು.

"ಸೋಮವಾರ ಅಪ್ಪನ ಧ್ವನಿಪೆಟ್ಟಿಗೆ ತೆಗೀತಾರೆ. ಅಷ್ಟರೊಳಗೆ ಇದನ್ನಿಟ್ಕೊಂಡು ಅವರ ಮಾತು ರೆಕಾರ್ಡ್ ಮಾಡ್ಕೋಬೇಕು. ಮಧ್ಯೆ ಕೈ ಕೊಟ್ರೆ ಇನ್ನೊಂದ್ಸಲ ಸಿಗಲ್ಲ."

ಇದನ್ನು ನಾನು ಬರೆದಿರಲಿಲ್ಲ. ನನ್ನ ಹತ್ತಿರ ಇದ್ದದ್ದು ವೈರು, ಅಡುಗೆಮನೆ, ನಗು. ಕೈಲಿದ್ದ ಜೋಕು ಹಾಗೇ ಉಳಿಯಿತು, ಸಾವಿನ ಮನೆಗೆ ಬಣ್ಣದ ಅಂಗಿ ಹಾಕಿಕೊಂಡು ಹೋದವನ ಹಾಗೆ ನಿಂತೆ.

೪

(ನಗೆಬರಹ ಇಲ್ಲಿಗೆ ಕೈಬಿಟ್ಟಿದೆ. ನಗಲೆಂದೇ ಬಂದವರು ಎದ್ದು ಹೋಗಬಹುದು.)

ಅವಳ ಅಪ್ಪ ಡ್ರೈವಿಂಗ್ ಸ್ಕೂಲಿನ ಮಾಸ್ತರು. ಇಪ್ಪತ್ತೆಂಟು ವರ್ಷ ಪಕ್ಕದ ಸೀಟಿನಲ್ಲಿ ಕೂತವರು. ಅವರ ಕಾರಿನಲ್ಲಿ ಕಲಿಯುವವರಿಗೆ ಒಂದು ಬ್ರೇಕು, ಮಾಸ್ತರ ಕಾಲಡಿಗೆ ಇನ್ನೊಂದು ಬ್ರೇಕು. ಅದಕ್ಕಿಂತ ಮೊದಲು ಓಡುತ್ತಿದ್ದದ್ದು ಅವರ ಬಾಯಿ. "ಕನ್ನಡಿ ನೋಡು! ಸಿಗ್ನಲ್ ಕೊಡು! ಕ್ಲಚ್ಚು ಮೆಲ್ಲಗೆ, ಅದೇನು ಜಿರಳೆಯಾ ಹಾಗೆ ತುಳಿಯೋಕೆ!" ಊರಿನ ಅರ್ಧ ಜನ ಈಗಲೂ ತಿರುವಿನಲ್ಲಿ ಆ ಧ್ವನಿ ಕೇಳಿಸಿಕೊಂಡೇ ಸ್ಟಿಯರಿಂಗ್ ತಿರುಗಿಸುತ್ತಾರೆ. ಇಳಿಯುವಾಗ ಅವರದೊಂದು ಶಿಸ್ತು. ಗೇರು ನ್ಯೂಟ್ರಲ್, ಕೈಬ್ರೇಕು, ಲೈಟು, ಕೀ. ಸೀಟು ಬಿಡುವ ಮುನ್ನ ಉರಿಯುವುದೆಲ್ಲ ಆರಬೇಕು. ಮನೆಯಲ್ಲೂ ಹಾಗೇ, ಅವರು ಎದ್ದುಹೋದ ಕೋಣೆಯಲ್ಲಿ ಫ್ಯಾನು ಕೂಡ ತಿರುಗುವುದಿಲ್ಲ.

ಮಗಳು ಚಿಕ್ಕವಳಿದ್ದಾಗ ಹಿಂದಿನ ಸೀಟಿನಲ್ಲಿ ಕೂತು ಇಂಡಿಕೇಟರಿನ ಹಾಗೆ ಟಿಕ್ಕು ಟಿಕ್ಕು ಎಂದು ನಾಲಿಗೆ ಹೊಡೆಯುತ್ತಿದ್ದಳು. ಅವರು ಅವಳನ್ನು ಈಗಲೂ ಕರೆಯುವುದು ಟಿಕ್ಕು ಎಂದೇ.

ಆರು ತಿಂಗಳಿಂದ ಮಾಸ್ತರ ಧ್ವನಿ ಒಡೆದಿತ್ತು. ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡರು. ಗಂಟಲಲ್ಲಿ ಗೆಡ್ಡೆ ಎಂದು ಡಾಕ್ಟರು ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆದರೆ ಗುಣವಾಗುವ ಸಾಧ್ಯತೆ ನೂರಕ್ಕೆ ಎಪ್ಪತ್ತು, ಬಿಟ್ಟರೆ ಒಂದು ವರ್ಷ ಬದುಕುವುದೂ ಕಷ್ಟ. ಮಗಳು ಡಾಕ್ಟರ ಕೋಣೆಯಲ್ಲೇ, ತೆಗೆಸೋಣ ಎಂದು ತೀರ್ಮಾನ ಹೇಳಿದಳು. ಮಾಸ್ತರು ತಲೆಯಾಡಿಸಿದರು. ಅದು ಹೂಂ ಎಂದೇ ಎಲ್ಲರೂ ಅಂದುಕೊಂಡರು.

ಆಸ್ಪತ್ರೆಯಲ್ಲಿ ಮಾತು ಕಲಿಸುವವರೊಬ್ಬರಿದ್ದರು, ಸ್ಪೀಚ್ ಮೇಡಂ. ಅವರು ನಾನೂರು ವಾಕ್ಯಗಳ ಪಟ್ಟಿ ಕೊಟ್ಟರು. ಆಪರೇಷನ್ನಿಗೆ ಮೊದಲೇ ಅಪ್ಪನಿಂದ ಇಷ್ಟನ್ನೂ ಹೇಳಿಸಿ ರೆಕಾರ್ಡ್ ಮಾಡಿ ತಂದರೆ, ಆಮೇಲೆ ಅವರು ಟೈಪ್ ಮಾಡಿದ್ದನ್ನು ಯಂತ್ರ ಅವರದೇ ಧ್ವನಿಯಲ್ಲಿ ಹೇಳುತ್ತದೆ. "ಒಂದ್ಸಲ ಶುರು ಮಾಡಿದ್ಮೇಲೆ ನಿಲ್ಲಿಸ್ಬೇಡಿ. ಮಧ್ಯದ್ದೆಲ್ಲ ಆಮೇಲೆ ಕತ್ತರಿಸ್ಕೊಳ್ಳೋಣ," ಎಂದರು. ಯಾವ ವಾಕ್ಯ ಎಲ್ಲಿ ಶುರುವಾಯಿತು ಎಂಬ ಗುರುತನ್ನು ಪೆಡಲ್ ಒತ್ತಿ ಹಾಕಬೇಕು. ಅದಕ್ಕೇ ಎಲ್ಲವೂ ಒಟ್ಟಿಗೆ ಸಿಕ್ಕಿಕೊಂಡಿರಬೇಕು, ಅದಕ್ಕೇ ಹಬ್.

ಪಟ್ಟಿ ಬಂದು ಹತ್ತು ದಿನವಾಗಿತ್ತು. ಆ ಹತ್ತು ದಿನ ಅವಳು ಹಬ್ಬುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು, ಹೋಲಿಸಿದಳು, ಯಾರೋ ಕೊಟ್ಟ ನಕ್ಷತ್ರಗಳನ್ನು ಎಣಿಸಿದಳು. ಆರಿಸಿಬಿಟ್ಟರೆ ರೆಕಾರ್ಡಿಂಗ್ ಶುರುವಾಗಬೇಕು. ರೆಕಾರ್ಡಿಂಗ್ ಮುಗಿದರೆ ಸೋಮವಾರ ಬರಬೇಕು. ಅವಳಿಗೆ ಹೆದರಿಕೆಯಾಗಿತ್ತು. ಇದನ್ನು ಅವಳು ಹೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

೫

ಅಂಗಡಿಯ ಬಾಗಿಲಲ್ಲಿ ಮಾಸ್ತರೇ ಬಂದು ನಿಂತರು. ಹೊರಗೆ ಕಾರಿನಲ್ಲಿ ಕಾದು ಕಾದು ಸಾಕಾಗಿತ್ತು.

"ಏನು ಟಿಕ್ಕೂ, ಅಂಗಡೀನೇ ತಗೊಳ್ತಿದ್ದೀಯಾ?" ಧ್ವನಿ ಕರಕರ ಎನ್ನುತ್ತಿತ್ತು. ಎರಡು ಹಬ್ಬುಗಳನ್ನೂ ಬಗ್ಗಿ ನೋಡಿದರು. ಸ್ವಿಚ್ಚಿದ್ದ ಹಬ್ಬಿನ ಮೇಲೆ ಬೆರಳಿಟ್ಟರು. ಟಕ್, ಟಕ್ ಎಂದು ಒಂದೊಂದೇ ಒತ್ತಿ ನೋಡಿದರು.

"ಇದೇ ಇರ್ಲಿ. ಬೇಡ ಅಂದಾಗ ನಿಲ್ಲಿಸಬಹುದು."

ಅವಳಿಗೆ ನಿರಾಳವಾಯಿತು. ಹತ್ತು ದಿನ ಆಗದ ಕೆಲಸ ಹತ್ತು ಸೆಕೆಂಡಿನಲ್ಲಿ ಆಗಿತ್ತು. ನನಗೂ ನಿರಾಳವಾಯಿತು, ಮಾಸ್ತರ ಆ ಮಾತನ್ನು ಬರೆದು ಮುಂದಕ್ಕೆ ಹೋದೆ. ಈಗ ಓದಿದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

೬

ಬುಧವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಹತ್ತರಿಂದ ಒಂದು.

ಮಾಸ್ತರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ, ಎದುರಿಗೆ ಸ್ಟ್ಯಾಂಡಿನ ಮೇಲೆ ಮೈಕು. ಅವಳು ಮೇಜಿನ ಹತ್ತಿರ, ಎದುರಿಗೆ ಲ್ಯಾಪ್‌ಟಾಪು, ಅದರ ಪಕ್ಕದಲ್ಲೇ ಹಬ್, ಅದರಲ್ಲಿ ಆರು ನೀಲಿ ಲೈಟು. ಪಟ್ಟಿ ನೋಡಿ ಓದಿದರೆ ಓದಿದ ಹಾಗೇ ಇರುತ್ತದೆ ಎಂದು ಮಾಸ್ತರು ಹಟ ಹಿಡಿದಿದ್ದರಿಂದ, ಅವಳು ಮೊದಲು ಹೇಳಬೇಕು, ಅವರು ಆಮೇಲೆ ಹೇಳಬೇಕು. ಕಾರಿನಲ್ಲಿ ಇದು ತಿರುಗಾಮುರುಗ ಇರುತ್ತಿತ್ತು. ಹೆಡ್‌ಫೋನ್ ಹಾಕಿಕೊಳ್ಳಲು ಹೋದವಳಿಗೆ ಬೈಗುಳ ಬಿತ್ತು.

"ಕಿವಿ ಮುಚ್ಕೊಂಡು ನನ್ನ ಎದುರಿಗೆ ಯಾರೂ ಕೂರಬಾರದು."

"ಸರಿ ಅಪ್ಪ. ನನಗೆ ನೀರು ಬೇಕು."

"ತಗೊಂಡು ಕುಡಿ."

"ಅದು ವಾಕ್ಯ ಅಪ್ಪ!"

"ಓ. ನನಗೆ ನೀರು ಬೇಕು."

ಹೀಗೆ. ಕಿಟಕಿ ತೆರೆಯಿರಿ. ಇವತ್ತು ಸೆಕೆ ಜಾಸ್ತಿ. ನನಗೆ ನೋಯುತ್ತಿದೆ. ದಯವಿಟ್ಟು ನಿಧಾನವಾಗಿ ಹೇಳಿ. ("ಇದನ್ನ ನಾನು ಜನ್ಮದಲ್ಲಿ ಹೇಳಿಲ್ಲ," ಎಂದರು ಮಾಸ್ತರು. "ದಯವಿಟ್ಟು ಅನ್ನೋದೋ, ನಿಧಾನವಾಗಿ ಅನ್ನೋದೋ?" ಎಂದಳು ಮಗಳು. ಇಬ್ಬರೂ ನಕ್ಕರು. ನಗುವ ಕಥೆ ಬರೆಯಬೇಕೆಂದಿದ್ದೆನಲ್ಲ, ಇಷ್ಟು ಸಿಕ್ಕಿತು.)

ಇಪ್ಪತ್ತು ಇಪ್ಪತ್ತೈದು ವಾಕ್ಯಕ್ಕೊಮ್ಮೆ ಗಂಟಲು ಕಟ್ಟುತ್ತಿತ್ತು. ಆಗ ಅವಳು ಬಿಸಿನೀರು ತರಲು ಅಡುಗೆಮನೆಗೆ ಹೋಗುತ್ತಿದ್ದಳು. ಮರಳಿ ಬರುವಷ್ಟರಲ್ಲಿ ಮಾಸ್ತರು ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದರು. "ಎಷ್ಟನೇದು? ಮುಂದಕ್ಕೆ ಹೇಳು." ಪರದೆಯ ಮೇಲೆ ಧ್ವನಿಯ ಗೆರೆ ಕುಣಿಯುತ್ತಲೇ ಇತ್ತು. ಎಲ್ಲ ಸರಿಯಾಗಿದೆ ಎಂದು ಅವಳು ನಂಬಿದಳು. ಮುಗಿಯುವ ತನಕ ಮಧ್ಯದಲ್ಲಿ ಕೇಳಿ ನೋಡುವ ಪದ್ಧತಿ ಅವಳ ಕೆಲಸದಲ್ಲಿಲ್ಲ, ಬಂದ ಫೈಲನ್ನು ಮೊದಲಿನಿಂದ ಕೊನೆಗೆ ಕೇಳುವುದಷ್ಟೇ ಇದೆ.

೭

ಭಾನುವಾರ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಪೆಡಲ್ ಒತ್ತಿದಳು. ಹೊರಗೆ ಮಾಸ್ತರು ಕಾರು ಒರೆಸುತ್ತಿದ್ದರು.

ಒಂದರಿಂದ ಇಪ್ಪತ್ತೆರಡರವರೆಗೆ ಅಪ್ಪನ ಧ್ವನಿ ಕಿವಿಯೊಳಗೇ ಕೂತಂತೆ ಇತ್ತು. ಇಪ್ಪತ್ತಮೂರರಿಂದ ಅವಳದೇ ಧ್ವನಿ ಜೋರಾಗಿ ಬಂತು. "ಬಾಗಿಲು ಹಾಕಿ." ಹಿಂದೆ ಎಲ್ಲೋ ದೂರದಲ್ಲಿ, ಪಕ್ಕದ ಮನೆಯ ರೇಡಿಯೋದಂತೆ, ಅಪ್ಪ. ನಲವತ್ತು, ನೂರು, ಇನ್ನೂರ ಐವತ್ತು, ಎಲ್ಲೆಲ್ಲಿ ಮುಟ್ಟಿದರೂ ಅವಳೇ.

ಏನಾಗಿದೆ ಎಂದು ತಿಳಿಯಲು ಎರಡು ನಿಮಿಷ ಸಾಕಾಯಿತು. ಇಪ್ಪತ್ತೆರಡನೆಯ ವಾಕ್ಯವಾದ ಮೇಲೆ ಮೊದಲ ಬಿಸಿನೀರು. ಅವಳು ಎದ್ದ ಮೇಲೆ ಯಾರೋ ಹಬ್ಬಿನಲ್ಲಿ ಮೈಕಿನ ಸ್ವಿಚ್ಚನ್ನು ಆರಿಸಿದ್ದಾರೆ. ಮೈಕು ಹೋದ ಕೂಡಲೇ ಕಂಪ್ಯೂಟರು ಜಾಣತನ ತೋರಿಸಿ ತನ್ನೊಳಗಿನ ಮೈಕನ್ನೇ ತೆರೆದುಕೊಂಡಿದೆ. ಮೂಲೆಯಲ್ಲಿ ಒಂದು ಸಂದೇಶ ಬಂದು ಹೋಗಿರಬೇಕು, ಅವಳು ಅಡುಗೆಮನೆಯಲ್ಲಿದ್ದಳು. ಸ್ವಿಚ್ಚನ್ನು ಮತ್ತೆ ಹಾಕಿದರೂ ಅದು ಹಳೆಯ ಮೈಕಿಗೆ ಮರಳಿಲ್ಲ, ನಾಲ್ಕು ದಿನವೂ ಮರಳಿಲ್ಲ. ನಾನೂರರಲ್ಲಿ ಮುನ್ನೂರ ಎಪ್ಪತ್ತೆಂಟು ಮಣ್ಣುಪಾಲು.

ಯಾರೋ ಅಲ್ಲ. ಆ ಕೋಣೆಯಲ್ಲಿದ್ದದ್ದು ಒಬ್ಬರೇ.

ಅಯ್ಯೋ ಅಪ್ಪ, ನಿನ್ನ ಸ್ವಿಚ್ಚು ಆರಿಸೋ ಚಟ, ಎಂದು ಅವಳು ತಲೆ ಹಿಡಿದುಕೊಂಡಳು. (ನಾನೂ ಹಾಗೇ ಅಂದುಕೊಂಡೆ. ಆಘಾತ ಇಲ್ಲಿಗೆ ಮುಗಿಯಿತು, ಇನ್ನು ಎಲ್ಲವನ್ನೂ ಮತ್ತೆ ರೆಕಾರ್ಡ್ ಮಾಡಿಸುವ ಓಟ ಎಂದು ಮುಂದಿನ ಪ್ಯಾರಾಕ್ಕೆ ಅಣಿಯಾಗಿದ್ದೆ.) ಯಾವ ಕ್ಷಣದಲ್ಲಿ ಕೆಟ್ಟಿತು ನೋಡೋಣವೆಂದು ಅವಳು ಇಪ್ಪತ್ತೆರಡಕ್ಕೆ ಹಿಂದಿರುಗಿ ಪೆಡಲ್ ಒತ್ತಿದಳು. ಬೆರಳುಗಳು ಅಭ್ಯಾಸಬಲದಿಂದ ಟೈಪ್ ಮಾಡತೊಡಗಿದವು.

ಬುಧವಾರ, ೧೦:೨೧. [ಚಪ್ಪಲಿ ಸದ್ದು, ದೂರವಾಗುತ್ತದೆ] [ಸ್ವಿಚ್ಚು] ಟಿಕ್ಕು, ಕೂತ್ಕೋ. ನಾನೊಂದು ತೀರ್ಮಾನ ಮಾಡಿದ್ದೀನಿ. [ಮೌನ] ಹೀಗೆ ಹೇಳಿದ್ರೆ ಅಳ್ತಾಳೆ. [ಸ್ವಿಚ್ಚು] ಎಷ್ಟನೇದು? ಮುಂದಕ್ಕೆ ಹೇಳು.

ಬುಧವಾರ, ೧೧:೦೫. [ಸ್ವಿಚ್ಚು] ಟಿಕ್ಕು, ಒಂದು ಮಾತು ಹೇಳಬೇಕಿತ್ತು. ಬೇಜಾರು ಮಾಡ್ಕೋಬೇಡ. ನನಗೆ ಆಪರೇಷನ್ ಬೇಡ.

ಅದನ್ನು ಅವಳು ಕೇಳಿದ್ದು ಆಮೇಲೆ. ಮೊದಲು ಪರದೆಯ ಮೇಲೆ ಓದಿದಳು, ತನ್ನ ಬೆರಳುಗಳೇ ಬರೆದದ್ದನ್ನು. ಕಾಲು ಎಡಕ್ಕೆ ಒತ್ತಿತು. ನಾಲ್ಕು ಸೆಕೆಂಡು ಹಿಂದಕ್ಕೆ. ನನಗೆ ಆಪರೇಷನ್ ಬೇಡ. ಮತ್ತೆ ಎಡಕ್ಕೆ. ನನಗೆ ಆಪರೇಷನ್ ಬೇಡ.

ಸ್ವಿಚ್ಚು ಒತ್ತಲು ಅವರು ಪ್ರತಿ ಸಲವೂ ಎದ್ದು ಬಂದು ಹಬ್ಬಿನ ಮೇಲೆ ಬಗ್ಗಿದ್ದರು. ಹಬ್ಬಿನ ಪಕ್ಕದಲ್ಲೇ ಲ್ಯಾಪ್‌ಟಾಪು. ಆದ್ದರಿಂದ ಇವು ಮಾತ್ರ ಒಡೆದ ಧ್ವನಿಯ ಒಂದೊಂದು ಎಳೆಯೂ ಕೇಳುವಷ್ಟು ಸ್ಪಷ್ಟವಾಗಿ ಇಳಿದಿದ್ದವು. ಮೈಕು ಆರಿದೆ, ಯಾರಿಗೂ ಕೇಳುವುದಿಲ್ಲ ಎಂದು ನಂಬಿ ಅವರು ಮಗಳ ಖಾಲಿ ಕುರ್ಚಿಗೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದರು, ಲೈಸೆನ್ಸ್ ಪರೀಕ್ಷೆಗೆ ಹುಡುಗರಿಂದ ಮಾಡಿಸುತ್ತಿದ್ದ ಹಾಗೆ. ನಾಲ್ಕು ದಿನದಲ್ಲಿ ಒಂಬತ್ತು ಸಲ.

ಗುರುವಾರ, ೧೨:೧೦. [ಸ್ವಿಚ್ಚು] ಇಪ್ಪತ್ತೆಂಟು ವರ್ಷ ನನ್ನ ಕಾಲಡಿಗೆ ನನ್ನದೊಂದು ಬ್ರೇಕು ಇತ್ತು ಟಿಕ್ಕು. ಇದರಲ್ಲಿ ಇಲ್ಲ. ಅವರೇ ಓಡಿಸ್ತಾರೆ. [ಕೆಮ್ಮು] [ಕೆಮ್ಮು] ಛೆ, ಇದು ಉದ್ದ ಆಯ್ತು.

ಶನಿವಾರ, ೧೨:೪೮. [ಸ್ವಿಚ್ಚು] ಇಷ್ಟೆಲ್ಲ ತಂದು ಜೋಡಿಸಿದ್ದೀಯಲ್ಲ. ಹೇಗೆ ಹೇಳ್ಲಿ ನಿನಗೆ. [ಮೌನ, ಹನ್ನೊಂದು ಸೆಕೆಂಡು] ಹೋಗ್ಲಿ ಬಿಡು. [ಸ್ವಿಚ್ಚು] ನೀರು ಇಷ್ಟು ಬಿಸಿ ಯಾಕೆ ತಂದೆ? ಎಷ್ಟನೇದು, ಮುನ್ನೂರ ತೊಂಬತ್ತಾ?

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಹೊರಗೆ ಬಟ್ಟೆ ಹಿಂಡುವ ಸದ್ದು ಕೇಳಿಸಿತು.

೮

ಕಥೆಗಾರನಾಗಿ ನನಗೊಂದು ಜವಾಬ್ದಾರಿ ಇದೆ ಅಲ್ಲವೇ? ಓಡಿಬಂದು ಅವಳ ಮುಂದೆ ಮೂರು ಕೊನೆಗಳನ್ನು ಇಟ್ಟೆ.

ಕೊನೆ ಅ. ಗಂಟೆ ಮೂರು. ಈಗಲೇ ಕೂತರೆ ಬೆಳಗಾಗುವುದರೊಳಗೆ ಎಲ್ಲವನ್ನೂ ಮತ್ತೆ ಹೇಳಿಸಬಹುದು. ನೀವು ಏನನ್ನೂ ಕೇಳಿಸಿಕೊಂಡಿಲ್ಲ. ನಾಳೆ ಆಸ್ಪತ್ರೆ.

"ಕೇಳಿಸ್ಕೊಂಡಿದ್ದೀನಿ," ಎಂದಳು.

"ನಿಮ್ಮ ಕೆಲಸದ ನಿಯಮ ಇದೆಯಲ್ಲ. ಕೇಳಿದ್ದನ್ನ ಯಾರಿಗೂ ಹೇಳಲ್ಲ ಅಂತ."

"ಬೇರೆಯವರಿಗೆ ಹೇಳಲ್ಲ. ಹೇಳಿದವರಿಗೇ ಹೇಳೋದಕ್ಕೆ ನಿಯಮ ಇಲ್ಲ."

ಕೊನೆ ಆ. ಇದ್ದ ರೆಕಾರ್ಡಿಂಗನ್ನೇ ಕೊಟ್ಟುಬಿಡುತ್ತೀರಿ. ಯಂತ್ರ ಬರುತ್ತದೆ, ಆದರೆ ನಿಮ್ಮ ಧ್ವನಿಯಲ್ಲಿ. ಮಾಸ್ತರು ಸಿಗ್ನಲ್ಲಿನಲ್ಲಿ ನಿಂತು ಹೆಣ್ಣು ದನಿಯಲ್ಲಿ ಬೈಯುತ್ತಾರೆ. (ಇದು ನನಗೆ ಬಹಳ ಇಷ್ಟವಾಗಿತ್ತು. ಪ್ರಶಸ್ತಿ ಬರುವಂಥದ್ದು.)

"ನಗು ಬಂತಾ ನಿಮಗೆ?" ಎಂದಳು.

ಕೊನೆ ಇ. ಫೈಲನ್ನು ಅಳಿಸಿಬಿಡಿ. ನಾನೂ ಏಳನೆಯ ಭಾಗವನ್ನು ಅಳಿಸುತ್ತೇನೆ. ಓದುಗರೂ ದೊಡ್ಡ ಮನಸ್ಸು ಮಾಡಿ ಮರೆತುಬಿಡುತ್ತಾರೆ.

"ಬ್ಯಾಕಪ್ ಇದೆ," ಎಂದಳು. ಹೌದು, ಹಬ್ಬಿನ ನಾಲ್ಕನೆಯ ಕಿಂಡಿಯಲ್ಲಿ ಡಿಸ್ಕು ಒಮ್ಮೆಯೂ ಕೈ ಕೊಟ್ಟಿರಲಿಲ್ಲ.

ಆಮೇಲೆ ಅವಳು ನನ್ನನ್ನೇ ಹಿಡಿದುಕೊಂಡಳು. "ಆ ಸ್ವಿಚ್ಚಿರೋ ಹಬ್ಬು ತಂದಿದ್ದು ಯಾರು?"

"ಅಂಗಡಿಯವನು."

"ಅಂಗಡಿಯವನನ್ನ ತಂದಿದ್ದು?"

ನಾನು ಮೂರನೆಯ ಭಾಗದ ಆವರಣವನ್ನು ಕೈಯಿಂದ ಮುಚ್ಚಿದೆ.

"ಆ ಡಾಕ್ಟರ ಕೋಣೇಲಿ ಅಪ್ಪ ತಲೆ ಆಡಿಸಿದ್ರಲ್ಲ, ಆಗ ಅವರೇನಂದ್ಕೊಂಡ್ರು ಅಂತ ಯಾಕೆ ಬರೀಲಿಲ್ಲ ನೀವು?"

"ನೀವು ಕೇಳಲಿಲ್ಲ."

ಬಾಯಿತಪ್ಪಿ ಬಂದ ಮಾತು. ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದಿದ್ದೆ, ಆದರೆ ಅದು ನಿಜವಾಗಿತ್ತು. ಅವಳು ಕೇಳಿರಲಿಲ್ಲ. ಲೋಕದ ಮಾತನ್ನೆಲ್ಲ ಕೇಳುವವಳು ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಹತ್ತು ದಿನ ಹಬ್ಬು ಆರಿಸಿದ್ದಳು, ಆಪರೇಷನ್ನನ್ನು ಹತ್ತು ನಿಮಿಷದಲ್ಲಿ ಆರಿಸಿಬಿಟ್ಟಿದ್ದಳು.

"ಹಾಗಾದ್ರೆ ಆಪರೇಷನ್ ಬೇಡ ಅಂತೀರಾ?" ಎಂದು ನಾನು ತಗ್ಗಿದ ದನಿಯಲ್ಲಿ ಕೇಳಿದೆ.

"ಮಾಡಿಸಿದ್ರೆ ಇರ್ತಾರೆ. ಬಿಟ್ರೆ ಇರಲ್ಲ. ನನಗೆ ಅಪ್ಪ ಬೇಕು." ಕಣ್ಣೊರೆಸಿಕೊಂಡಳು. "ನೀವು ದಯವಿಟ್ಟು ಒಂದು ಉಪಕಾರ ಮಾಡಿ. ಅಪ್ಪನ ಬಾಯಿಗೆ ನಿಮ್ಮ ಮಾತು ತುರುಕಬೇಡಿ. ನಾಲ್ಕು ದಿನ ನಾನು ಅದನ್ನೇ ಮಾಡಿದ್ದು."

೯

"ಅಪ್ಪಾ, ಸ್ವಲ್ಪ ಒಳಗೆ ಬಾ."

ಮಾಸ್ತರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ತಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಕೆಲಸ ಮುಗಿದಾಗ ಶಿಸ್ತಿನ ಪ್ರಕಾರ ತಾವೇ ಆರಿಸಿದ್ದ ಮೈಕಿನ ಸ್ವಿಚ್ಚನ್ನು ಕೈ ಚಾಚಿ ಹಾಕಿದರು. ನೀಲಿ ಲೈಟು ಬಂತು.

"ಇನ್ನೂ ಉಳಿದಿದ್ಯಾ?"

"ಒಂದು ಉಳಿದಿದೆ."

"ಹೇಳು ಮತ್ತೆ." ಗಂಟಲು ಸರಿಮಾಡಿಕೊಂಡು ನೆಟ್ಟಗೆ ಕೂತರು. ಅವಳು ಹೇಳಬೇಕು, ಅವರು ಆಮೇಲೆ ಹೇಳಬೇಕು.

"ಇದನ್ನ ನಾನು ಹೇಳಲ್ಲ ಅಪ್ಪ. ನೀನೇ ಹೇಳು. ನಾನು ಕೇಳ್ತೀನಿ."

ಮಾಸ್ತರು ಅವಳ ಮುಖ ನೋಡಿದರು. ಆಮೇಲೆ ಪರದೆಯನ್ನು ನೋಡಿದರು. ಅಲ್ಲಿ ಅವರದೇ ಮಾತುಗಳು ದಿನ, ಗಂಟೆ, ನಿಮಿಷದ ಸಮೇತ ಸಾಲಾಗಿ ನಿಂತಿದ್ದವು. ಅವರ ಬಲಗಾಲು ಕುರ್ಚಿಯ ಕೆಳಗೆ ಒಮ್ಮೆಲೇ ನೆಲವನ್ನು ಒತ್ತಿತು, ಎದುರಿಗೆ ಮಗು ಅಡ್ಡ ಬಂದಾಗ ಒತ್ತುತ್ತಿದ್ದ ಹಾಗೆ. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖವಾಗಿತ್ತು ಅದು. ಇಪ್ಪತ್ತೆಂಟು ವರ್ಷ ಊರನ್ನೆಲ್ಲ ಗದರಿಸಿದವರದು.

"ಅದು ಆರಿಸಿದ್ದೆನಲ್ಲ ನಾನು," ಎಂದರು.

"ಹೂಂ ಅಪ್ಪ. ಆರಿರಲಿಲ್ಲ."

ಅವಳು ಹಬ್ಬಿನ ವೈರನ್ನು ಹಿಡಿದು ಎಳೆದಳು. ಅಡಾಪ್ಟರನ್ನೂ ಗೋಡೆಯಿಂದ ಕಿತ್ತಳು. ಆರು ಲೈಟುಗಳೂ ಒಟ್ಟಿಗೆ ಹೋದವು. ಆಮೇಲೆ ಲ್ಯಾಪ್‌ಟಾಪನ್ನು ಬಂದ್ ಮಾಡಿ ಮುಚ್ಚಿದಳು. ಕೊನೆಗೆ ನನ್ನ ಕಡೆ ತಿರುಗಿ, ಬಾಗಿಲ ಕಡೆ ಕಣ್ಣು ತೋರಿಸಿದಳು.

ಹೊರಗೆ ಬಂದೆ. ಕಿಟಕಿಯ ಗಾಜಿನಾಚೆ ಒದ್ದೆ ಕಾರಿನ ಪಕ್ಕದಲ್ಲಿ ನಿಂತೆ. ಇಲ್ಲಿಂದ ನೋಡಬಹುದು, ಕೇಳಿಸುವುದಿಲ್ಲ. ಮಾಸ್ತರು ಕುರ್ಚಿಯನ್ನು ಮಗಳ ಕಡೆ ತಿರುಗಿಸಿಕೊಂಡರು. ಆಮೇಲೆ ಮಾತಾಡಿದರು. ಉದ್ದದ ಮಾತಲ್ಲ, ನಾಲ್ಕೈದು ಪದ ಇರಬೇಕು. ಅದು ಒಂಬತ್ತು ಸಲ ಅಭ್ಯಾಸ ಮಾಡಿದ ಮಾತೋ, ಮಗಳ ಮುಖ ನೋಡಿ ಬದಲಾದ ಹತ್ತನೆಯದೋ, ನನಗೆ ಗೊತ್ತಿಲ್ಲ. ಏನೆಂದರು ಎಂದು ನನ್ನನ್ನು ಕೇಳಬೇಡಿ, ನೀವೂ ಊಹಿಸಿ ಬರೆದುಕೊಳ್ಳಬೇಡಿ. ನಾಳೆ ಬೆಳಿಗ್ಗೆ ಆರಕ್ಕೆ ಈ ಕಾರು ಆಸ್ಪತ್ರೆಯ ಕಡೆಗೆ ತಿರುಗುತ್ತದೋ ಇಲ್ಲವೋ ಎಂಬುದನ್ನು ಆ ಇಬ್ಬರಿಗೆ ಬಿಟ್ಟಿದ್ದೇನೆ.

ನಾನು ಕಂಡದ್ದು ಇಷ್ಟು. ಮೇಜಿನ ಕೆಳಗಿನ ಪೆಡಲಿನ ವೈರು ಹೋಗಿ ಸೇರಿದ್ದ ಹಬ್ಬು ಈಗ ಯಾವುದಕ್ಕೂ ಸೇರಿರಲಿಲ್ಲ. ಆದರೂ ಅಪ್ಪ ಮಾತು ಮುಗಿಸಿದ ಮೇಲೆ ಅವಳ ಕಾಲು ಪೆಡಲಿನ ಎಡಗಡೆಯನ್ನು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು.